ಬತ್ತಿದ ಬಾವಿಯ ಲೆಕ್ಕ: ಬೀದರ್, ಭಾಲ್ಕಿ, ಔರಾದ್ ಸೀಮೆಯ ಅನುಭವ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಸಭೆಯೊಂದರಲ್ಲಿ ನಿಂತು ಬೀದರ್ ಜಿಲ್ಲೆಯ ನೀರಿನ ಬಗೆಗೆ ಮಾತನಾಡುವುದು ಮೇಲುನೋಟಕ್ಕೆ ಅಷ್ಟೊಂದು ಸಮಂಜಸವಾಗಿ ಕಾಣಲಾರದು. ನಮ್ಮಲ್ಲಿ ವರ್ಷಕ್ಕೆ ಬೀಳುವುದು 850 ಮಿ.ಮೀ. ಆಸುಪಾಸಿನ ಮಳೆ. ನಿಮ್ಮ ಘಟ್ಟದ ಊರುಗಳಲ್ಲಿ ಒಂದೇ ಜುಲೈ ತಿಂಗಳಿನಲ್ಲಿ ಅದಕ್ಕಿಂತ ಹೆಚ್ಚು ಸುರಿದುಬಿಡುತ್ತದೆ. ಆದರೂ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದಾಗ ಮಲೆನಾಡಿನ ಅನೇಕ ತಾಲ್ಲೂಕುಗಳು ಬಯಲುಸೀಮೆಯ ತಾಲ್ಲೂಕುಗಳೊಂದಿಗೆ ಒಂದೇ ಪಟ್ಟಿಯಲ್ಲಿ ಕುಳಿತವು. ಮಳೆಯ ಪ್ರಮಾಣ ಎಷ್ಟೇ ಇರಲಿ, ಬೇಸಿಗೆಯ ಕೊನೆಗೆ ಬಾವಿಯ ತಳ ಕಾಣುವುದು ಎರಡೂ ಕಡೆ ಈಗ ಸಾಮಾನ್ಯವಾಗಿದೆ. ಆದ್ದರಿಂದ ಒಂದು ಸರಳ ಪ್ರಶ್ನೆಯನ್ನು ತಮ್ಮ ಮುಂದಿಡಲು ಬಂದಿದ್ದೇನೆ. ನಮ್ಮೂರ ಬಾವಿಯ ನೀರನ್ನು ಯಾರು ಅಳೆಯುತ್ತಾರೆ, ಎಂದು ಅಳೆಯುತ್ತಾರೆ, ಬಾವಿ ಬತ್ತಿಹೋದ ದಿನ ವಹಿಯಲ್ಲಿ ಏನೆಂದು ಬರೆಯುತ್ತಾರೆ?

ಮೊದಲು ನಮ್ಮ ನೆಲದ ಪರಿಚಯ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ದಪ್ಪ ಹೊದಿಕೆಯೊಂದರ ಮೇಲೆ. ಕರಾವಳಿಯವರು ಮುರಕಲ್ಲು ಎನ್ನುವ, ನಿಮ್ಮಲ್ಲಿ ಕೆಲವರು ಚಿರೆಕಲ್ಲು ಎನ್ನುವ ಅದೇ ಕಲ್ಲು. ಅದರ ಕೆಳಗೆ ಜಿಗುಟಾದ ಜೇಡಿಯ ಪದರ, ಅದಕ್ಕೂ ಕೆಳಗೆ ದಖನ್ನಿನ ಕಪ್ಪು ಬಸಾಲ್ಟ್ ಶಿಲೆ. ಮಳೆನೀರು ರಂಧ್ರಮಯವಾದ ಜಂಬಿಟ್ಟಿಗೆಯೊಳಗೆ ಸರಾಗವಾಗಿ ಇಳಿಯುತ್ತದೆ. ಜೇಡಿಯ ಪದರಕ್ಕೆ ಬಂದು ತಡೆದು ನಿಲ್ಲುತ್ತದೆ. ಮುಂದೆ ದಾರಿಯಿಲ್ಲದೆ ಅಡ್ಡಡ್ಡ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಗುರುನಾನಕ್ ಝೀರಾ, ಪಾಪನಾಶ ಕ್ಷೇತ್ರ, ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕಾದ ನರಸಿಂಹ ಝರಣಿ, ಇವೆಲ್ಲ ಭಕ್ತರಿಗೆ ಪುಣ್ಯತೀರ್ಥಗಳು. ಭೂವಿಜ್ಞಾನದ ವಿದ್ಯಾರ್ಥಿಗೆ ಎರಡು ಶಿಲಾಪದರಗಳು ಸಂಧಿಸುವ ಗೆರೆ ಎಲ್ಲೆಲ್ಲಿ ಹಾದುಹೋಗಿದೆ ಎಂಬುದರ ಗುರುತುಗಳೂ ಹೌದು. ಎರಡೂ ಏಕಕಾಲಕ್ಕೆ ನಿಜ. ಒಂದನ್ನು ಒಪ್ಪಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ನಗರ ಬಿಟ್ಟು ಉತ್ತರಕ್ಕೆ, ಪಶ್ಚಿಮಕ್ಕೆ ಇಳಿದರೆ ಚಿತ್ರ ಬದಲಾಗುತ್ತದೆ. ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಬಹುಭಾಗ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮೊದಲ ಮಳೆಯನ್ನು ಬಿರುಕಿನ ಮೂಲಕ ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿತೆಂದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಸುರಿದ ದೊಡ್ಡ ಮಳೆಯಲ್ಲಿ ಹೆಚ್ಚಿನದು ಹಳ್ಳ ಸೇರಿ ಕಾರಂಜಾ, ಮಾಂಜ್ರಾ ನದಿಗಳ ದಾರಿ ಹಿಡಿಯುತ್ತದೆ. ಕೆಳಗಿರುವ ಬಸಾಲ್ಟ್ ಶಿಲೆಯಾದರೂ ಏಕರೂಪದ್ದಲ್ಲ. ಒಂದರ ಮೇಲೊಂದು ಹರಿದು ಆರಿದ ಲಾವಾದ ಹಾಸುಗಳವು. ಪ್ರತಿ ಹಾಸಿನ ಮೇಲ್ಭಾಗ ಗುಳ್ಳೆಗುಳ್ಳೆಯಾಗಿ ನೀರು ಹಿಡಿಯಬಲ್ಲದು, ನಡುಭಾಗ ಗಟ್ಟಿಬಂಡೆ. ಹೀಗಾಗಿ ಒಬ್ಬನ ಹೊಲದಲ್ಲಿ 40 ಅಡಿಗೆ ಸಿಕ್ಕ ನೀರು ಬದುವಿನಾಚೆ ಅಣ್ಣನ ಹೊಲದಲ್ಲಿ 400 ಅಡಿಗೂ ಸಿಗದೆ ಹೋಗಬಹುದು. ನಮ್ಮ ಕಡೆ ಇದನ್ನು ಅದೃಷ್ಟವೆಂದು ಕರೆಯುವ ರೂಢಿ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರ ಕಸುಬು ಕುಂದದೆ ನಡೆದಿರುವುದೂ ಇದೇ ಕಾರಣಕ್ಕೆ.

ಜಂಬಿಟ್ಟಿಗೆಯ ಸ್ವಭಾವವನ್ನು ಹದಿನೈದನೆಯ ಶತಮಾನದ ಜನ ಚೆನ್ನಾಗಿ ಅರಿತಿದ್ದರು. ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಪರ್ಷಿಯಾದ ಕನಾತ್ ವಿದ್ಯೆಯನ್ನು ಬಲ್ಲವರ ನೆರವಿನಿಂದ ನೆಲದಡಿಯಲ್ಲಿ ನೀರಿನ ಸುರಂಗಗಳನ್ನು ಕೊರೆಸಿದರು. ನಮ್ಮಲ್ಲಿ ಇವಕ್ಕೆ ಕರೇಜ್ ಎನ್ನುತ್ತಾರೆ. ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂಬ ಮೂರು ಕರೇಜ್‌ಗಳು ಗುರುತಾಗಿವೆ. ನೌಬಾದಿನದು 2 ಕಿ.ಮೀ.ಗೂ ಹೆಚ್ಚು ಉದ್ದದ್ದು. ಮೇಲ್ಭಾಗದಲ್ಲಿ ಒಂದು ತಾಯಿಬಾವಿ; ಅಲ್ಲಿಂದ ನೀರು ತಾನಾಗಿ ಹರಿಯುವಷ್ಟೇ ಇಳಿಜಾರಿನ ಸುರಂಗ; ನಡುನಡುವೆ ಗಾಳಿಗೆ, ಬೆಳಕಿಗೆ, ಹೂಳೆತ್ತುವುದಕ್ಕೆಂದು ನೆಲದ ಮೇಲೆ ಬಾಯ್ದೆರೆದ ಕಿಂಡಿಗಳು. ರಾಟೆಯಿಲ್ಲ, ಪಂಪಿಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಅಡಿಕೆ ತೋಟಕ್ಕೆ ನೀರುಣಿಸುವ ಸುರಂಗಗಳನ್ನು ಕಂಡವರಿಗೆ ಈ ತತ್ತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂದದ್ದು ತಮಗೆಲ್ಲ ತಿಳಿದಿರುವ ಸಂಗತಿ.

ಕರೇಜ್‌ಗೆ ಆಮೇಲೆ ಏನಾಯಿತು ಎಂಬುದು ಇಂದಿನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅದನ್ನು ಯಾರೂ ಬೇಕೆಂದು ಕೆಡವಲಿಲ್ಲ. ನೆಲದಡಿಯಲ್ಲಿ ಯಾವ ದಿಕ್ಕಿಗೆ ಸುರಂಗ ಸಾಗಿದೆ, ಯಾವ ಹೊಲದಲ್ಲಿ ಅದರ ಕಿಂಡಿಯಿದೆ ಎಂಬ ತಿಳಿವಳಿಕೆ ಊರಿನ ನೆನಪಿನಿಂದ ಅಳಿದುಹೋಯಿತು. ಕಿಂಡಿಯನ್ನು ಕಂಡವರು ಅದನ್ನು ಪಾಳು ಬಾವಿಯೆಂದು ಬಗೆದರು. ಕೆಲವಕ್ಕೆ ಕಸ ತುಂಬಿತು, ಕೆಲವು ಮುಚ್ಚಿಹೋದವು, ಮೇಲೆ ರಸ್ತೆ, ನಿವೇಶನಗಳು ಬಂದವು. ಕೇರಳದ ಭೂಗೋಳ ಅಧ್ಯಾಪಕರಾದ ವಲ್ಲಿಯಿಲ್ ಗೋವಿಂದನ್‌ಕುಟ್ಟಿಯವರು ಸಂಗಡಿಗರೊಂದಿಗೆ ಬಂದು ಕಿಂಡಿಯಿಂದ ಕಿಂಡಿಗೆ ಅಳೆದು, ಒಳಗಿಳಿದು ನಕ್ಷೆ ತೆಗೆದ ಮೇಲೆಯೇ ಊರವರಿಗೆ ತಮ್ಮ ಕಾಲ ಕೆಳಗೇನಿದೆ ಎಂಬುದು ಮತ್ತೆ ತಿಳಿದದ್ದು. 2015-16ರ ಬರಗಾಲದ ಹೊತ್ತಿಗೆ ಜಿಲ್ಲಾಡಳಿತ ಹೂಳೆತ್ತುವ ಕೆಲಸವನ್ನು ಕೈಗೊಂಡಿತು. ನಕ್ಷೆಯಿಲ್ಲದೆ ಆ ಕೆಲಸವನ್ನು ಎಲ್ಲಿಂದ ಆರಂಭಿಸುವುದು ಸಾಧ್ಯವಿತ್ತು? ಹಣ, ಯಂತ್ರ, ಆಳು ಎಲ್ಲವೂ ಆಮೇಲಿನ ಮಾತು. ನಾನು ಅಂಕಿಅಂಶ ಎಂಬ ಒಣ ಶಬ್ದವನ್ನು ಬಳಸುವಾಗ ಮನಸ್ಸಿನಲ್ಲಿಟ್ಟುಕೊಂಡಿರುವುದು ಆ ಕಿಂಡಿಗಳ ಪಟ್ಟಿಯಂಥ ವಸ್ತುವನ್ನು.

ಇನ್ನು ಹವಾಮಾನದ ವಿಚಾರ. 2015 ಮತ್ತು 2016ನ್ನು ನಮ್ಮ ಸೀಮೆಯ ಜನ ಬಹುಕಾಲ ಮರೆಯಲಾರರು. ಮಾಂಜ್ರಾ ನದಿ ಹುಟ್ಟುವುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ. ಲಾತೂರಿನ ಸೀಮೆ ದಾಟಿ ಭಾಲ್ಕಿ, ಔರಾದ್‌ಗಳಿಗೆ ಬರುತ್ತದೆ. 2016ರ ಬೇಸಿಗೆಯಲ್ಲಿ ಲಾತೂರಿಗೆ ನೀರು ಕೊಡುವ ಮಾಂಜ್ರಾ ಜಲಾಶಯ ಬರಿದಾಯಿತು. ಏಪ್ರಿಲ್ ತಿಂಗಳಲ್ಲಿ ಮೀರಜ್‌ನಿಂದ ಆ ನಗರಕ್ಕೆ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಿದರು. ಅದೇ ನದಿಯ ಕೆಳದಂಡೆಯಲ್ಲಿದ್ದ ನಮ್ಮ ಪಾಡು ಭಿನ್ನವಾಗಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಉತ್ತರೆ ಮುಗಿದು ಹಸ್ತ ಕೂಡುವ ಹೊತ್ತಿಗೆ, ಆಕಾಶ ಹರಿದಂತೆ ಮಳೆಯಾಯಿತು. ಹಳ್ಳಗಳು ಉಕ್ಕಿ ಸೇತುವೆಗಳು ಮುಳುಗಿದವು, ಕೊಯ್ಲಿಗೆ ಬಂದ ಸೋಯಾ ಹೊಲದಲ್ಲೇ ಕೊಳೆಯಿತು, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯಕ್ಕೆ ವರ್ಷಗಳ ನಂತರ ನೀರು ತುಂಬಿತು. ಒಂದೇ ವರ್ಷದಲ್ಲಿ ಬರ ಪರಿಹಾರದ ಅರ್ಜಿ, ನೆರೆ ಪರಿಹಾರದ ಅರ್ಜಿ ಎರಡನ್ನೂ ಬರೆದ ರೈತರು ನಮ್ಮಲ್ಲಿದ್ದಾರೆ.

ವರ್ಷದ ಕೊನೆಗೆ ಒಟ್ಟು ಮಳೆಯ ಅಂಕಿಯನ್ನು ಮಾತ್ರ ನೋಡಿದವರಿಗೆ ಇದಾವುದೂ ಕಾಣುವುದಿಲ್ಲ. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕಾಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟಾಗಿವೆ. ನಮ್ಮ ಜಿಲ್ಲೆ ಆ ವಲಯದ ದಕ್ಷಿಣದ ಅಂಚಿಗೆ ಸಮೀಪದಲ್ಲಿದೆ. 60 ದಿನಗಳಲ್ಲಿ ಹದವಾಗಿ ಬಿದ್ದ 800 ಮಿ.ಮೀ. ಬೇರೆ, ನಾಲ್ಕಾರು ದಿನಗಳಲ್ಲಿ ಅರ್ಧಕ್ಕರ್ಧ ಸುರಿದ 800 ಮಿ.ಮೀ. ಬೇರೆ. ಬಾಯಿ ಮುಚ್ಚಿಕೊಂಡ ಎರೆಮಣ್ಣಿನ ಮೇಲೆ ಎರಡನೆಯ ಬಗೆಯ ಮಳೆ ಬಿದ್ದರೆ ಬಾವಿಗೆ ಬರುವ ಪಾಲು ಅತ್ಯಲ್ಪ. ಮಳೆ ಚೆನ್ನಾಗಿತ್ತಲ್ಲ, ಬಾವಿಗೇಕೆ ನೀರಿಲ್ಲ ಎಂದು ಜನವರಿಯಲ್ಲಿ ಅಚ್ಚರಿಪಡುವ ರೈತನಿಗೆ ಉತ್ತರ ಇರುವುದು ದಿನದಿನದ ಮಳೆಯ ವಹಿಯಲ್ಲಿ.

ಸರ್ಕಾರದ ಬಳಿ ಅಂಕಿಅಂಶವಿಲ್ಲವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯವಾದೀತು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯ ತನ್ನವನ್ನು ತಿಂಗಳಿಗೊಮ್ಮೆ ಅಳೆಯುತ್ತದೆ. ಮಳೆಯ ವಿಷಯದಲ್ಲಂತೂ ಕರ್ನಾಟಕ ಮುಂದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬಂದಿವೆ. ಈ ಎಲ್ಲದರ ಆಧಾರದ ಮೇಲೆ ತಾಲ್ಲೂಕುಗಳನ್ನು ವಿಂಗಡಿಸುತ್ತಾರೆ. ವರ್ಷದಲ್ಲಿ ಬಳಸಿಕೊಳ್ಳಬಹುದಾದ ಅಂತರ್ಜಲದಲ್ಲಿ ಶೇ. 70ರವರೆಗೆ ಎತ್ತುತ್ತಿದ್ದರೆ ಸುರಕ್ಷಿತ, 90ರವರೆಗೆ ಅರೆ ಸಂದಿಗ್ಧ, 100ರವರೆಗೆ ಸಂದಿಗ್ಧ, ಅದನ್ನೂ ಮೀರಿದರೆ ಅತಿಬಳಕೆ. ಮೊದಲು ಕೆಲವು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಈ ಮೌಲ್ಯಮಾಪನ 2022ರಿಂದ ಪ್ರತಿವರ್ಷವೂ ನಡೆಯುತ್ತಿದೆ.

ತೊಡಕಿರುವುದು ತಾಲ್ಲೂಕು ಎಂಬ ಘಟಕದಲ್ಲಿ. ಬೀದರ್ ತಾಲ್ಲೂಕಿನೊಳಗೇ ಜಂಬಿಟ್ಟಿಗೆಯ ಮೇಲಿನ ಊರಿದೆ, ಅದರ ಬುಡದ ಎರೆಭೂಮಿಯ ಊರಿದೆ. ಇವೆರಡರ ಸರಾಸರಿ ಎರಡೂ ಊರಿನವರದ್ದಲ್ಲ. ಇನ್ನೂ ವಿಚಿತ್ರವೆಂದರೆ ತಾಲ್ಲೂಕಿನ ಗಡಿಯೇ ಕದಲುತ್ತದೆ. 2018ರ ಸುಮಾರಿಗೆ ಔರಾದ್‌ನಿಂದ ಕಮಲನಗರ ಪ್ರತ್ಯೇಕ ತಾಲ್ಲೂಕಾಯಿತು. ಹಳೆಯ ವರ್ಷಗಳ ಔರಾದ್ ಅಂಕಿಯನ್ನೂ ಹೊಸ ಔರಾದ್ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೀರು ಏರಿತು ಇಳಿಯಿತು ಎಂದು ಹೇಳಹೊರಟವರು ಎರಡು ಬೇರೆ ಬೇರೆ ನೆಲಗಳನ್ನು ಹೋಲಿಸಿದಂತಾಗುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಅದಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು. ಒಂದು ತಾಲ್ಲೂಕಿನಲ್ಲಿ ಐದು ವೀಕ್ಷಣಾ ಬಾವಿಗಳಿವೆ ಎಂದಿಟ್ಟುಕೊಳ್ಳಿ. ಈ ವರ್ಷ ಮೇ ತಿಂಗಳಲ್ಲಿ ಅವುಗಳಲ್ಲಿ ನೀರು ನೆಲಮಟ್ಟದಿಂದ ಕ್ರಮವಾಗಿ 6, 7, 8, 14, 15 ಮೀಟರ್ ಆಳದಲ್ಲಿದೆ. ಸರಾಸರಿ 10 ಮೀಟರ್. ಮುಂದಿನ ವರ್ಷ ಬರ ಬಂದು ಎಲ್ಲೆಡೆ ನೀರು ಎರಡೆರಡು ಮೀಟರ್ ಕುಸಿಯಿತು. ಮೊದಲ ಮೂರರಲ್ಲಿ 8, 9, 10 ಮೀಟರ್ ಎಂದು ಬರೆದರು. ಕೊನೆಯ ಎರಡು ಬಾವಿಗಳ ತಳವೇ ಹದಿನೈದೂವರೆ ಮೀಟರಿನಲ್ಲಿತ್ತು, ಅವು ಬತ್ತಿದವು. ಬತ್ತಿದ ಬಾವಿಗೆ ಅಳತೆಯಿಲ್ಲ, ಆದ್ದರಿಂದ ಲೆಕ್ಕದಿಂದ ಹೊರಗೆ. ಉಳಿದ ಮೂರರ ಸರಾಸರಿ ಎಷ್ಟು? 9 ಮೀಟರ್. ಕಾಗದದ ಮೇಲೆ ತಾಲ್ಲೂಕಿನ ಅಂತರ್ಜಲ ಒಂದು ಮೀಟರ್ ಮೇಲೆ ಬಂದಿದೆ. ಊರಿನಲ್ಲಿ ಟ್ಯಾಂಕರ್ ಓಡಾಡುತ್ತಿದೆ.

ಇದು ಕಟ್ಟುಕತೆಯ ಲೆಕ್ಕವಾದರೂ ಇದರ ಹಿಂದಿರುವ ದೋಷ ಕಟ್ಟುಕತೆಯಲ್ಲ. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಳ್ಳುತ್ತಿದೆಯೆಂದು ಉಪಗ್ರಹ ಹಾಗೂ ಬಾವಿಗಳ ಅಂಕಿಅಂಶ ಆಧರಿಸಿ ಕೆಲವು ಅಧ್ಯಯನಗಳು ಹೇಳಿದ್ದವು. ರೈತರ ಬಾವಿಗಳು ಬತ್ತುತ್ತಿದ್ದುದು ಅದಕ್ಕೆ ವಿರುದ್ಧವಾಗಿತ್ತು. ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್, ನಂದಿತಾ ಬಸು ಎಂಬ ಸಂಶೋಧಕರು 2019ರಲ್ಲಿ ಈ ಒಗಟನ್ನು ಬಿಡಿಸಿದರು. ಬತ್ತಿದ, ಅಳತೆ ಬಿಟ್ಟುಹೋದ ಬಾವಿಗಳನ್ನು ವಿಶ್ಲೇಷಣೆಯಿಂದ ಕೈಬಿಟ್ಟದ್ದರಿಂದ ಚೇತರಿಕೆಯ ಚಿತ್ರ ಮೂಡಿತ್ತೆಂದು ಅವರು ತೋರಿಸಿದರು. ಯಾರದೂ ದುರುದ್ದೇಶವಲ್ಲ. ಖಾಲಿ ಬಿಟ್ಟ ಒಂದು ಕಲಂ ಅಷ್ಟೆ. ಆದರೆ ಆ ಕಲಮಿನ ಹಿಂದೆ ಸಾಲ ಮಾಡಿ ಮೂರನೆಯ ಬೋರು ಕೊರೆಸಿದ ಕುಟುಂಬವಿದೆ, ತಾಲ್ಲೂಕು ಸುರಕ್ಷಿತ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಮಂಜೂರಾದ ಹೊಸ ಕೊಳವೆಬಾವಿಗಳಿವೆ.

ಆದ್ದರಿಂದ ಊರು ತನ್ನದೇ ಆದ ವಹಿಯನ್ನು ಇಡಬೇಕೆಂಬುದು ನನ್ನ ವಾದ. ಇದು ಹೊಸ ಕಲ್ಪನೆಯೇನೂ ಅಲ್ಲ. ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ನಮ್ಮ ನೆರೆಯ ಮಹಬೂಬ್‌ನಗರವೂ ಸೇರಿದಂತೆ, 2003ರ ನಂತರ ರೈತರೇ ಬಾವಿ, ಮಳೆಗಳನ್ನು ಅಳೆದು ಹಿಂಗಾರಿಗೆ ಮೊದಲು ಊರಿನ ನೀರಿನ ಆಯವ್ಯಯ ಮಾಡುವ ಪ್ರಯೋಗ ನಡೆಯಿತು. ಯಾರ ಮೇಲೂ ನಿರ್ಬಂಧವಿರಲಿಲ್ಲ. ಗೋಡೆಯ ಮೇಲೆ ಅಂಕಿ ಬರೆಯುತ್ತಿದ್ದರು; ನೋಡಿದ ರೈತ ತನ್ನ ಬೆಳೆಯನ್ನು ತಾನೇ ನಿರ್ಧರಿಸುತ್ತಿದ್ದ. ಹಲವು ಕಡೆ ಭತ್ತದ ಪ್ರದೇಶ ತಾನಾಗಿ ಇಳಿಯಿತು. ಮಹಾರಾಷ್ಟ್ರದ ಹಿವ್ರೆ ಬಜಾರಿನಲ್ಲಿ ಪೋಪಟರಾವ್ ಪವಾರರ ನೇತೃತ್ವದಲ್ಲಿ ಗ್ರಾಮಸಭೆಯೇ ಪ್ರತಿವರ್ಷ ನೀರಿನ ಲೆಕ್ಕ ನೋಡಿ ಬೆಳೆ ಗೊತ್ತುಮಾಡುತ್ತದೆ. ಅಲ್ಲಿ ನಿಯಮ ಕಠಿಣ. ಬೇಸಾಯಕ್ಕೆ ಕೊಳವೆಬಾವಿಯೇ ಇಲ್ಲ. ನಮ್ಮ ಜನಕ್ಕೆ ಆಂಧ್ರದ ದಾರಿಯೇ ಹೆಚ್ಚು ಒಗ್ಗೀತೆಂದು ನನಗನ್ನಿಸುತ್ತದೆ.

ಲೆಕ್ಕ ಎಷ್ಟು ಸುಲಭವೆಂಬುದಕ್ಕೆ ಭಾಲ್ಕಿಯ ಕಬ್ಬನ್ನೇ ತೆಗೆದುಕೊಳ್ಳೋಣ. ಶಿಥಿಲಗೊಂಡ ಬಸಾಲ್ಟ್ ಶಿಲೆಯಲ್ಲಿ ನೂರು ಪಾಲು ಕಲ್ಲಿಗೆ ಬಿಟ್ಟುಕೊಡಬಲ್ಲ ನೀರು ಎರಡು ಪಾಲು ಎಂದು ಅಂತರ್ಜಲ ಲೆಕ್ಕದಲ್ಲಿ ಹಿಡಿಯುವುದು ರೂಢಿ. ಮಳೆಗಾಲ ಮುಗಿದಾಗ ಊರಿನ ಬಾವಿಗಳಲ್ಲಿ ನೀರು 5 ಮೀಟರ್ ಏರಿತೆಂದರೆ ನಿಜವಾಗಿ ಕೂಡಿಬಂದದ್ದು 10 ಸೆಂ.ಮೀ., ಅಂದರೆ 100 ಮಿ.ಮೀ. ನೀರು. ಕಬ್ಬಿಗೆ ವರ್ಷದಲ್ಲಿ ಕಡಿಮೆಯೆಂದರೂ 1,500 ಮಿ.ಮೀ. ಬೇಕು. ಮಳೆಯೇ 800 ಮಿ.ಮೀ. ಒದಗಿಸಿತೆಂದು ಉದಾರವಾಗಿ ಬಿಟ್ಟುಕೊಟ್ಟರೂ 700 ಮಿ.ಮೀ. ಬಾವಿಯಿಂದ ಬರಬೇಕು. ಒಂದು ಎಕರೆ ಕಬ್ಬು ಏಳು ಎಕರೆಯಡಿ ಇಂಗಿದ ನೀರನ್ನು ಕುಡಿಯುತ್ತದೆ. ಹರಿಸಿದ ನೀರಿನಲ್ಲಿ ಸ್ವಲ್ಪ ಮರಳಿ ಇಂಗುವುದರಿಂದ ಏಳನ್ನು ಆರೆನ್ನಿ, ಐದೆನ್ನಿ. ಉಳಿದ ಎಕರೆಗಳು ಯಾರವು ಎಂಬ ಪ್ರಶ್ನೆ ಹಾಗೆಯೇ ಇರುತ್ತದೆ. ಎರೆಯ ಹಸಿಯಲ್ಲೇ ಬರುವ ಕಡಲೆಗೆ, ಬಿಳಿಜೋಳಕ್ಕೆ ಒಂದೆರಡು ನೀರು ಸಿಕ್ಕರೆ ಧಾರಾಳ. ಕಾರ್ಖಾನೆ, ಬೆಲೆ, ಸಾಲ ಎಲ್ಲವೂ ಕಬ್ಬಿನ ಕಡೆಗೇ ಎಳೆಯುತ್ತಿರುವಾಗ ರೈತನೊಬ್ಬನನ್ನೇ ದೂರುವುದರಲ್ಲಿ ಅರ್ಥವಿಲ್ಲ. ಆದರೆ ಈ ಗುಣಾಕಾರವನ್ನು ಅವನ ಮುಂದೆ ಅಕ್ಟೋಬರಿನಲ್ಲಿಯೇ ಇಡುವುದು ಸಾಧ್ಯ. ಮಾರ್ಚ್‌ನಲ್ಲಿ ಇಟ್ಟರೆ ಅದು ಪಂಚನಾಮೆ.

ನೀರಿನ ಗುಣಮಟ್ಟ ಬೇರೆಯೇ ಉಪನ್ಯಾಸದ ವಿಷಯ. ಬೀದರ್ ನಗರದಂಚಿನ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗರು ಬಾವಿನೀರು ಕೆಟ್ಟಿದೆಯೆಂದು ದೂರುತ್ತಲೇ ಬಂದಿದ್ದಾರೆ. ಅಲ್ಲಿಯೂ ಕೇಳಿಬರುವ ಮೊದಲ ಮಾತು, ಹಿಂದೆ ನೀರು ಹೇಗಿತ್ತು ಎಂಬುದಕ್ಕೆ ದಾಖಲೆ ಎಲ್ಲಿದೆ ಎಂಬುದೇ.

ಊರಲ್ಲಿ ಈ ಪ್ರಸ್ತಾಪ ಎತ್ತಿದರೆ ಒಂದು ಆಕ್ಷೇಪ ಖಂಡಿತ ಬರುತ್ತದೆ: ಅಳೆದು ಬರೆದಿಟ್ಟರೆ ನಾಳೆ ಸರ್ಕಾರ ಬಾವಿಗೆ ತೆರಿಗೆ ಹಾಕೀತು, ಪಂಪ್‌ಸೆಟ್‌ಗೆ ಮೀಟರ್ ಕೂರಿಸೀತು. ಈ ಭಯವನ್ನು ನಕ್ಕು ತಳ್ಳಿಹಾಕಬಾರದು. ಅದಕ್ಕೇ ವಹಿ ಊರಿನ ಸ್ವತ್ತಾಗಿರಬೇಕು, ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಬೇಕು. ಅದರಲ್ಲಿ ಬಾವಿಯ ಒಡೆಯನ ಹೆಸರು ಬೇಡ, ಬಾವಿಗೊಂದು ಸಂಖ್ಯೆ ಸಾಕು. ಎಷ್ಟು ಎತ್ತಿದ ಎಂಬುದೂ ಬೇಡ, ನೀರು ಎಷ್ಟು ಆಳದಲ್ಲಿದೆ ಎಂಬುದಷ್ಟೇ ಸಾಕು.

ವಿದ್ಯಾರ್ಥಿಗಳು ಕೆಲಸದ ವಿಧಾನವನ್ನು ಬರೆದುಕೊಳ್ಳಬಹುದು. ಊರಿನ ಬೇರೆ ಬೇರೆ ಎತ್ತರಗಳಲ್ಲಿ ಆರರಿಂದ ಹತ್ತು ತೆರೆದ ಬಾವಿಗಳನ್ನು ಆರಿಸಿ. ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಮಾಡಿ, ಪ್ರತಿಸಲವೂ ಅಲ್ಲಿಂದಲೇ ಭಾರ ಕಟ್ಟಿದ ಟೇಪನ್ನು ಇಳಿಬಿಡಿ. ಕಟ್ಟೆಯ ಎತ್ತರವನ್ನು ಕಳೆಯಿರಿ. ಬೆಳಿಗ್ಗೆ ಪಂಪು ಹಾಕುವುದಕ್ಕೆ ಮುಂಚೆ ಅಳೆಯಿರಿ. ಸಂಜೆ ಅಳೆದರೆ ಬಾವಿಯದಲ್ಲ, ಮೋಟಾರಿನ ಅಳತೆ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೆ ಸಾಕು. ಮಳೆಯನ್ನು ಮಾತ್ರ ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು. ಒಂದು ಎಕರೆಯ ಮೇಲೆ ಬಿದ್ದ 1 ಮಿ.ಮೀ. ಮಳೆಯೆಂದರೆ ಸುಮಾರು 4,000 ಲೀಟರ್ ಎಂಬುದನ್ನು ಮಕ್ಕಳಿಗೆ ಹೇಳಿಕೊಟ್ಟರೆ ಗುಣಾಕಾರಕ್ಕೆ ಬೇರೆ ಪಾಠ ಬೇಡ. ಮಳೆಯ ಪಕ್ಕದಲ್ಲಿ ನಕ್ಷತ್ರದ ಹೆಸರನ್ನೂ ಬರೆಯಿರಿ. ಹಿರಿಯರು ನೆನಪಿಟ್ಟುಕೊಂಡಿರುವುದು ಮಘಾ ಮಳೆಯನ್ನೇ ಹೊರತು ಆಗಸ್ಟ್ ಮೂರನೆಯ ವಾರವನ್ನಲ್ಲ. ಅವರ ನೆನಪಿಗೂ ನಿಮ್ಮ ವಹಿಗೂ ಕೊಂಡಿ ಬೇಕು. ಬಾವಿ ಬತ್ತಿದ ದಿನ ಕಲಂ ಖಾಲಿ ಬಿಡಬೇಡಿ. ಬತ್ತಿದೆ ಎಂದು ಬರೆದು, ಬಾವಿಯ ತಳದ ಆಳವನ್ನು ನಮೂದಿಸಿ, ನೀರು ಅದಕ್ಕಿಂತ ಕೆಳಗಿದೆ ಎಂಬ ಗುರುತು ಹಾಕಿ. ವಹಿಯ ಕೊನೆಯ ಪುಟಗಳಲ್ಲಿ ಊರಿನಲ್ಲಿ ಕೊರೆದ ಕೊಳವೆಬಾವಿಗಳ ಪಟ್ಟಿಯಿರಲಿ: ಯಾವ ವರ್ಷ, ಎಷ್ಟು ಅಡಿ, ನೀರು ಬಂತೋ ಇಲ್ಲವೋ, ಬಂದದ್ದು ಎಷ್ಟು ವರ್ಷ ನಿಂತಿತು. ವಿಫಲವಾದವುಗಳನ್ನು ಹೇಳಲು ಜನ ಸಂಕೋಚಪಡುತ್ತಾರೆ. ಮೊದಲ ಸಲಕ್ಕೆ ಹೇಳದಿದ್ದರೆ ಎರಡನೆಯ ಸಲ ಕೇಳಿ.

ಇದನ್ನು ಮಳೆಗಾಲದ ನಡುವೆ ಆರಂಭಿಸುವುದು ಬೇಡ. ಮೇ ಕೊನೆಯ ವಾರ, ರೋಹಿಣಿ ಹೂಡುವ ಹೊತ್ತಿಗೆ, ಬಾವಿ ಅತಿ ಕೆಳಗಿರುವಾಗ ಮೊದಲ ಅಳತೆ ಬೀಳಲಿ. ಅಲ್ಲಿಂದ ದಸರೆಯವರೆಗೆ ನೀರು ಎಷ್ಟು ಏರಿತು ಎಂಬುದೇ ಆ ವರ್ಷ ನಿಮ್ಮೂರ ನೆಲಕ್ಕೆ ಬಂದ ಜಮೆ. ನಮ್ಮ ಜಿಲ್ಲೆಯ ವಹಿಯೊಂದರ ಮಾದರಿ ಪುಟವನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಅದರ ಕಲಂಗಳು ಎರೆಭೂಮಿಗೆ ಹೊಂದುವಂತಿವೆ. ನಿಮ್ಮಲ್ಲಿ ಒರತೆಗಳೂ ಹಳ್ಳಗಳೂ ಇರುವುದರಿಂದ ಅವುಗಳ ಹರಿವು ಯಾವ ದಿನ ನಿಂತಿತು ಎಂಬುದಕ್ಕೆ ಇನ್ನೊಂದು ಕಲಂ ಸೇರಿಸಿಕೊಳ್ಳಬೇಕಾಗುತ್ತದೆ.